ಅಂಗಳದ ಬೆಂಚಿಗೆ ಬಣ್ಣ

ಮನೆಯೊಳಗಿನ ಮಂಚ, ಮಣೆ, ಪೆಟ್ಟಿಗೆಗಳನ್ನು ಮನೆಯವರು ಜೋಪಾನದಿಂದ ನೋಡಿಕೊಳ್ಳುವರು. ಅವುಗಳನ್ನು ಒರಸುವ ಕೈಯುಂಟು, ಮುಚ್ಚುವ ಬಟ್ಟೆಯುಂಟು. ಅಂಗಳದಲ್ಲಿ ಹಾಕಿದ ಮರದ ಬೆಂಚಿನ ಪಾಡು ಹಾಗಲ್ಲ. ಅದು ಮನೆಗೂ ಸೇರಿದ್ದು, ದಾರಿಗೂ ಸೇರಿದ್ದು. ಮಲೆನಾಡಿನ ಹಳ್ಳಿಗಳಲ್ಲಿ ಅಡಿಕೆಯ ವ್ಯಾಪಾರಿಯೂ, ಅಂಚೆಯವರೂ, ಬಸ್ಸಿಗೆಂದು ಹೊತ್ತಿಗೆ ಮುಂಚೆಯೇ ಹೊರಟವರೂ, ಕೊಯ್ಲಿನ ಲೆಕ್ಕ ಹೇಳಲು ಬಂದ ಆಳುಗಳೂ ಮೊದಲು ಕುಳಿತುಕೊಳ್ಳುವುದು ಅದರ ಮೇಲೆಯೇ. ಒಳಗೆ ಬರಲು ಸಂಕೋಚಪಡುವವರಿಗೂ ಅಲ್ಲಿ ಕುಳಿತುಕೊಳ್ಳಲು ಸಂಕೋಚವಿಲ್ಲ. ಹೀಗೆ ಎಲ್ಲರಿಗೂ ಬೇಕಾದ ಆ ಆಸನಕ್ಕೆ ಹಗಲೆಲ್ಲ ಬಿಸಿಲು, ರಾತ್ರಿಯೆಲ್ಲ ಇಬ್ಬನಿ, ವರ್ಷದಲ್ಲಿ ನಾಲ್ಕು ತಿಂಗಳು ಎಡೆಬಿಡದ ಮಳೆ. ಅದರ ಕಾಲು ಅಲುಗಾಡಿದಾಗ ಮಾತ್ರ ಮನೆಯವರಿಗೆ ಅದರ ನೆನಪಾಗುವುದು. ಆಗ ಒಂದು ಡಬ್ಬಿ ಬಣ್ಣವನ್ನು ತಂದು ಬಳಿದುಬಿಟ್ಟರೆ ಕರ್ತವ್ಯವು ಮುಗಿಯಿತೆಂದು ಹಲವರ ಎಣಿಕೆ. ಆ ಎಣಿಕೆಯು ಸರಿಯೋ ತಪ್ಪೋ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡಬೇಕಾಗಿದೆ.

ಬಿಸಿಲುಮಳೆಗಳು ಮರಕ್ಕೆ ಮಾಡುವುದೇನು? ಮರದ ನಾರುಗಳನ್ನು ಒಂದಕ್ಕೊಂದು ಬೆಸೆದು ಹಿಡಿದಿರುವ ದ್ರವ್ಯವೊಂದುಂಟು. ಅದಕ್ಕೆ ಲಿಗ್ನಿನ್ ಎಂದು ಹೆಸರು. ಸೂರ್ಯನ ಬೆಳಕಿನಲ್ಲಿರುವ ನೇರಳಾತೀತ ಕಿರಣಗಳು ಮೇಲ್ಮೈಯ ಲಿಗ್ನಿನ್ನನ್ನು ಒಡೆಯುವುವು. ಒಡೆದುದನ್ನು ಮಳೆಯು ತೊಳೆದುಕೊಂಡು ಹೋಗುವುದು. ಉಳಿದ ಬಿಳಿಯ ನಾರಿನ ಮೇಲೆ ಸೂಕ್ಷ್ಮವಾದ ಬೂಷ್ಟು ಕುಳಿತು ಮರವು ಬೂದಿಯ ಬಣ್ಣವನ್ನು ತಾಳುವುದು. ನೋಡಿದವರು ಮರ ಹಾಳಾಯಿತೆನ್ನುವರು. ಆದರೆ ಈ ಬೂದುಬಣ್ಣವು ಚರ್ಮದ ಮಟ್ಟಿಗೆ ಮಾತ್ರ. ಪೈನ್ ಮೊದಲಾದ ಮೆದುಮರಗಳೇ ಈ ರೀತಿಯಾಗಿ ಸವೆಯುವುದು ನೂರು ವರ್ಷಕ್ಕೆ ಸುಮಾರು 6 ಮಿಲ್ಲಿಮೀಟರುಗಳಷ್ಟು. ಮರವನ್ನು ನಿಜವಾಗಿ ಕೊಲ್ಲುವುದು ಒಳಗೆ ಸಿಕ್ಕಿಕೊಂಡು ಹೊರಬರಲಾರದ ನೀರು. ಮರದೊಳಗಿನ ತೇವವು ನೂರಕ್ಕೆ 20 ಪಾಲಿಗಿಂತ ಕಡಮೆಯಾಗಿದ್ದರೆ ಕೊಳೆಸುವ ಅಣಬೆಗಳು ಬೆಳೆಯಲಾರವು. ಅದಕ್ಕೆ ಮೀರಿ ಬಹುಕಾಲ ನಿಂತರೆ ಅವು ಒಳಗಿಂದೊಳಗೆ ಮರವನ್ನು ತಿಂದು ಹಾಕುವುವು. ಆದುದರಿಂದ ಅಂಗಳದ ಮರದ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಒಳಹೊಕ್ಕ ನೀರಿಗೆ ಹೊರಬರಲು ದಾರಿಯುಂಟೆ?

ಆಸನಗಳ ವಿಷಯದಲ್ಲಿ ಪೂರ್ವಿಕರು ಉದಾಸೀನರಾಗಿರಲಿಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಶಯನಾಸನಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಶಾಕವೆಂದರೆ ತೇಗ, ಚಂದನ, ದೇವದಾರು, ಶಿಂಶಪಾ ಮೊದಲಾದ ಮರಗಳು ಅಲ್ಲಿ ಪ್ರಶಸ್ತವೆನಿಸಿವೆ. ಸಿಡಿಲಿಗೆ ಸಿಕ್ಕಿದ, ಗಾಳಿಗೆ ಉರುಳಿದ, ಆನೆಯು ಕೆಡವಿದ ಮರಗಳು ವರ್ಜ್ಯವೆನಿಸಿವೆ. ಅದೇ ಗ್ರಂಥದಲ್ಲಿ ವಜ್ರಲೇಪವೆಂಬ ಒಂದು ಬಂಧದ್ರವ್ಯದ ಕ್ರಮವೂ ಇದೆ. ಕಾಯಿ, ಹೂವು, ತೊಗಟೆಗಳ ಕಷಾಯವನ್ನು ಎಂಟನೆಯ ಒಂದು ಪಾಲಿಗೆ ಇಳಿಸಿ, ಅದಕ್ಕೆ ಗುಗ್ಗುಲು, ಸರ್ಜರಸ ಮುಂತಾದ ಅಂಟುಗಳನ್ನು ಕೂಡಿಸತಕ್ಕದ್ದೆಂದು ವಿಧಿ. ಆ ದ್ರವ್ಯಗಳ ಪಟ್ಟಿಯಲ್ಲಿ ಅತಸಿಯ ಹೆಸರೂ ಕಾಣುತ್ತದೆ. ಅತಸಿ ಎಂದರೆ ಅಗಸೆ. ಇಂದಿಗೂ ಹೊರಗಿನ ಮರಕ್ಕೆ ಹಚ್ಚುವ ಎಣ್ಣೆಗಳಲ್ಲಿ ಅಗಸೆಯ ಎಣ್ಣೆಯು ಮುಖ್ಯವಾದುದೆಂಬುದನ್ನು ನೆನೆದರೆ ಸಂತೋಷವಾಗುವುದು.

ಇಲ್ಲಿ ಎರಡು ಶಬ್ದಗಳ ಭೇದವನ್ನು ಗಮನಿಸುವುದು ಉಪಯುಕ್ತ. ಲೇಪವೆಂಬುದು ಮೇಲೆ ಬಳಿಯುವುದು. ರಂಜನವೆಂಬುದು ಒಳಗಿಳಿಸುವುದು. ರಂಜ್ ಧಾತುವಿನಿಂದಲೇ ರಾಗ ಶಬ್ದವೂ ಹುಟ್ಟಿದೆ. ಅದಕ್ಕೆ ಬಣ್ಣವೆಂದೂ ಅರ್ಥ, ಒಲವೆಂದೂ ಅರ್ಥ. ಎನಾಮಲ್ ಬಣ್ಣವೂ ದಪ್ಪನಾದ ವಾರ್ನಿಷೂ ಲೇಪದ ಜಾತಿಗೆ ಸೇರಿದವು. ಅವು ಮರದ ಮೇಲೆ ಒಂದು ತೊಗಲಿನಂತೆ ಕೂಡುವುವು. ಮರವು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗುವ ಸ್ವಭಾವದ್ದು. ತೊಗಲು ಅಷ್ಟು ಬಾಗಲಾರದೆ ಬಿರಿಯುವುದು. ಬಿರುಕಿನಿಂದ ನೀರು ಒಳಹೊಗುವುದು ಸುಲಭ, ಅದೇ ಬಿರುಕಿನಿಂದ ಒಣಗಿ ಹೊರಬರುವುದು ಕಷ್ಟ. ಕಣ್ಣಿಗೆ ಹೊಳೆಯುವ ಬಣ್ಣದ ಅಡಿಯಲ್ಲಿಯೇ ಮರವು ಕೊಳೆಯುತ್ತಿರುವುದು ಹೀಗೆ. ಮರದೊಳಕ್ಕೆ ಇಳಿಯುವ ರಂಗು ಮತ್ತು ಎಣ್ಣೆಗಳು ತೊಗಲನ್ನು ಕಟ್ಟುವುದಿಲ್ಲ. ಅವು ಬೇಗ ಮಾಸುವುದು ನಿಜ. ಆದರೆ ಮಾಸುವುವೇ ಹೊರತು ಸುಲಿಯುವುದಿಲ್ಲ, ನೀರಿನ ದಾರಿಯನ್ನು ಮುಚ್ಚುವುದೂ ಇಲ್ಲ.

ಸಾಗರದ ಸೀಮೆಯ ಒಂದು ಹಳ್ಳಿಯ ಮನೆಯಲ್ಲಿ ನಡೆದ ಸಂಗತಿಯು ಇದಕ್ಕೆ ನಿದರ್ಶನವಾಗಿದೆ. ಆ ಮನೆಯ ಅಂಗಳದಲ್ಲಿ ಮಾವಿನ ಮರದ ಕೆಳಗೆ ಒಂದು ಹಲಸಿನ ಬೆಂಚಿತ್ತು. ನಲವತ್ತು ವರ್ಷಗಳ ಹಿಂದೆ ಒಂದು ಗಾಳಿಮಳೆಯಲ್ಲಿ ಹಿತ್ತಲಿನ ಹಲಸು ಉರುಳಿದಾಗ ಯಜಮಾನರು ಅದನ್ನು ಸೀಳಿಸಿ ಈ ಬೆಂಚನ್ನು ಮಾಡಿಸಿದ್ದರು. ವರಾಹಮಿಹಿರನ ಮಾತಿಗೆ ಅಂಜಿದ್ದರೆ ಆ ಮರವು ಒಲೆಯ ಪಾಲಾಗುತ್ತಿತ್ತು. ಯಜಮಾನರು ತೀರಿಕೊಂಡ ಮೇಲೆ ಅವರ ಪತ್ನಿ ಆ ಬೆಂಚಿನ ಮೇಲೆ ಬೆಳಗಿನ ಹೊತ್ತನ್ನು ಕಳೆಯುವ ಅಭ್ಯಾಸವಾಯಿತು. ಎಂಬತ್ತು ದಾಟಿದ ಆ ಅಜ್ಜಿಗೆ ಮೊಣಕಾಲಿನ ನೋವಿನಿಂದ ದಣಪೆಯನ್ನು ದಾಟಿ ಊರೊಳಗೆ ಹೋಗುವ ಶಕ್ತಿಯಿಲ್ಲ. ಊರೇ ಅವರ ಬಳಿಗೆ ಬರಬೇಕು. ಬರುತ್ತಲೂ ಇತ್ತು, ಎಂಟೂವರೆಯ ಬಸ್ಸಿಗೆ ಹೋಗುವವರಲ್ಲಿ ಇಬ್ಬರು ಮೂವರಾದರೂ ಅಲ್ಲಿ ಕುಳಿತು, ಒಂದು ಕವಳವನ್ನು ಹಾಕಿ, ಯಾರ ಮನೆಯಲ್ಲಿ ಬಾಣಂತಿ, ಯಾರ ತೋಟಕ್ಕೆ ಕೊಳೆರೋಗ ಎಂಬ ವರ್ತಮಾನವನ್ನು ಹೇಳಿ ಹೋಗುವರು.

ಹಿರಿಯ ಮಗನು ತಾಯಿಯ ಮೇಲಿನ ಅಕ್ಕರೆಯಿಂದಲೇ ಆ ಬೆಂಚಿಗೆ ಕಂದುಬಣ್ಣದ ಎನಾಮಲ್ಲನ್ನು ಬಳಿಸಿದ್ದನು. ಎರಡು ಮಳೆಗಾಲದಲ್ಲಿ ಅದು ಚಕ್ಕೆಯೇಳತೊಡಗಿತು. ಮೂರನೆಯ ವರ್ಷ ಒಂದು ಕಾಲು ಕುಸಿದು, ಕುಳಿತಿದ್ದ ಅಜ್ಜಿ ಬೀಳುವುದರಲ್ಲಿದ್ದರು. ಬೆಂಗಳೂರಿನಲ್ಲಿದ್ದ ಕಿರಿಯ ಮಗನಿಗೆ ಸುದ್ದಿ ತಿಳಿದು, ವಾರದೊಳಗಾಗಿ ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳು ಬಂದವು. ಬೆಂಚು ಕೊಟ್ಟಿಗೆಯ ಹಿಂದಕ್ಕೆ ಸರಿಯಿತು. ಕುರ್ಚಿಗಳು ಹಗುರ, ಮಳೆಗೆ ಅಂಜವು, ತೊಳೆದರೆ ಶುಭ್ರ. ಅವುಗಳಲ್ಲಿ ದೋಷವನ್ನು ಹುಡುಕುವುದು ಕಷ್ಟ. ಆದರೆ ಗಾಳಿಗೆ ಹಾರುವುವೆಂದು ಮೂರನ್ನು ಒಳಗಿಟ್ಟು, ಅಜ್ಜಿಗೆ ಒಂದನ್ನು ಮಾತ್ರ ಅಂಗಳದಲ್ಲಿ ಹಾಕುವ ರೂಢಿಯಾಯಿತು. ದಾರಿಯಲ್ಲಿ ಹೋಗುವವರು ದಣಪೆಯ ಬಳಿ ನಿಂತು, "ಆರಾಮವೇ ಅಮ್ಮ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ಪರರ ಮನೆಯ ಒಳಗಿನಿಂದ ತನಗಾಗಿ ಕುರ್ಚಿಯನ್ನು ತರಿಸಿಕೊಂಡು ಕುಳಿತುಕೊಳ್ಳುವವರು ಯಾರು? ಮೂರು ತಿಂಗಳು ಹೀಗೆ ಕಳೆಯಿತು. ಅಜ್ಜಿ ಊಟವನ್ನು ಕಡಮೆ ಮಾಡಿದರು. ಹೊರಗೆ ಬರುವುದನ್ನೂ ಕಡಮೆ ಮಾಡಿದರು. ವೈದ್ಯರಿಗೆ ರೋಗವೇನೂ ಕಾಣಲಿಲ್ಲ. ಒಂದು ದಿನ ಸೊಸೆಯು ಹಟಹಿಡಿದು ಕೇಳಿದುದಕ್ಕೆ ಅವರು ಹೇಳಿದ ಉತ್ತರವು ಇಷ್ಟೆ: "ಕುರ್ಚಿಯಲ್ಲಿ ಒಬ್ಬರೇ ಕೂತುಕೊಳ್ಳಬೇಕು, ಮಗಾ."

ಸೊಸೆಯು ಮರುದಿನವೇ ಆಚಾರಿಯನ್ನು ಕರೆಸಿದಳು. ಆತನು ಬೆಂಚನ್ನು ಮಗುಚಿ, ಚೂಪಾದ ಉಳಿಯ ತುದಿಯಿಂದ ಅಲ್ಲಲ್ಲಿ ಚುಚ್ಚಿ ನೋಡಿದನು. ಮಣ್ಣಿಗೆ ತಾಗುತ್ತಿದ್ದ ಕಾಲಿನ ತುದಿಗಳಲ್ಲಿ ಉಳಿಯು ಬೆರಳುದ್ದ ಇಳಿಯಿತು. ಹಲಗೆಯ ಚೇಗಿನಲ್ಲಿ ಕೂದಲೆಳೆಯಷ್ಟೂ ಇಳಿಯಲಿಲ್ಲ. "ಅಮ್ಮಾ, ಮೇಲಿನದು ಇನ್ನೂ ನಲವತ್ತು ವರ್ಷ ಬಾಳುತ್ತದೆ. ಕಾಲಿಗೆ ಮಾತ್ರ ತುಂಡು ಕೂಡಿಸಿಕೊಡುತ್ತೇನೆ. ಬಣ್ಣವನ್ನು ನೀವು ತೆಗೆಸಿ" ಎಂದನು. ಸಂಕ್ರಾಂತಿಯ ರಜೆಗೆ ಬಂದಿದ್ದ ಮೊಮ್ಮಗನು ಆ ಕೆಲಸವನ್ನು ವಹಿಸಿಕೊಂಡನು. ಅವನು ಕೈಗೊಂಡ ಕ್ರಮವು ಯಾವ ಗೃಹಸ್ಥರೂ ಮನೆಯಲ್ಲಿ ಅನುಸರಿಸಬಹುದಾದುದಾದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುವುದು ಉಚಿತ.

ಮೊದಲನೆಯದು ಕಾಲ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7000 ಮಿಲ್ಲಿಮೀಟರಿಗೂ ಮಿಕ್ಕು ಮಳೆ. ಉಳಿದ ಮಲೆನಾಡಿನಲ್ಲಿ ಅಷ್ಟಿಲ್ಲದಿದ್ದರೂ ಮಳೆ ನಿಂತ ಕೂಡಲೇ ಮರವು ಒಣಗಿರುವುದಿಲ್ಲ. ಒದ್ದೆಯಾದ ಮರವು ಎಣ್ಣೆಯನ್ನು ಕುಡಿಯದು. ಪುಷ್ಯ ಮಾಘಗಳ ಒಣಹವೆಯೇ ಇದಕ್ಕೆ ತಕ್ಕ ಕಾಲ. ಬೆಂಚನ್ನು ಒಂದೆರಡು ವಾರ ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡತಕ್ಕದ್ದು. ಸುಡುಬಿಸಿಲಿನಲ್ಲಿಟ್ಟರೆ ಮರವು ಸೀಳುವುದು.

ಎರಡನೆಯದು ಹಳೆಯ ಬಣ್ಣವನ್ನು ತೆಗೆಯುವುದು. ಇದರಲ್ಲಿ ಎಚ್ಚರಿಕೆ ಬೇಕು. ಹಿಂದಿನ ಎನಾಮಲ್ಲುಗಳಲ್ಲಿ ಸೀಸವು ಸೇರಿರುವುದುಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದೆಂಬ ನಿಯಮವು ಭಾರತದಲ್ಲಿ 2016ರಲ್ಲಿ ಹೊರಟು, 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಹಿಂದಿನ ಬಣ್ಣವನ್ನು ಒಣಗಿದ ಹಾಗೆಯೇ ಉಜ್ಜಿದರೆ ಆ ಧೂಳು ಉಸಿರಿನೊಡನೆ ಒಳಹೋಗುವುದು; ಮಕ್ಕಳಿಗೆ ಅದು ವಿಷ. ನೀರು ಚಿಮುಕಿಸಿ ನೆನೆಸಿ, ಮೂಗುಬಾಯಿಗಳಿಗೆ ತಕ್ಕ ಮುಸುಕನ್ನು ಹಾಕಿಕೊಂಡು ಕೆರೆಯಬೇಕು. ಚಕ್ಕೆಗಳನ್ನು ಒಟ್ಟುಮಾಡಿ ಬಾವಿಗೂ ತೋಟಕ್ಕೂ ದೂರವಾಗಿಡಬೇಕು. ಒಲೆಗೆ ಹಾಕಲೇಕೂಡದು. ಅನಂತರ ಮರವು ಮತ್ತೆ ಒಣಗಿದ ಮೇಲೆ 80ನೆಯ ಅಂಕದ ಮರಳುಕಾಗದದಿಂದಲೂ ಆಮೇಲೆ 120ನೆಯ ಅಂಕದ್ದರಿಂದಲೂ ನಾರಿನ ಉದ್ದಕ್ಕೆ ಉಜ್ಜತಕ್ಕದ್ದು. ಅಡ್ಡಕ್ಕೆ ಉಜ್ಜಿದ ಗೀರುಗಳು ಮೊದಲು ಕಾಣದಿದ್ದರೂ ರಂಗು ಹಾಕಿದ ಕೂಡಲೇ ಎದ್ದು ತೋರುವುವು. ಇನ್ನೂ ನುಣುಪಾಗಲೆಂದು ಸಣ್ಣ ಕಾಗದದಿಂದ ಮೇಲೆಮೇಲೆ ತೀಡಿದರೆ ಮರದ ರಂಧ್ರಗಳು ಮುಚ್ಚಿ ರಂಗು ಇಳಿಯುವುದಿಲ್ಲ.

ಮೂರನೆಯದು ರಂಗು. ಅಂಗಡಿಯಲ್ಲಿ ನಾನಾ ವರ್ಣಗಳ ದ್ರವಗಳು ದೊರೆಯುತ್ತವೆ. ಆದರೆ ಅಡಿಕೆಯ ಮನೆಗಳಲ್ಲಿ ಅದಕ್ಕಿಂತ ಹತ್ತಿರದ ಪದಾರ್ಥವೊಂದುಂಟು, ಅದು ಚೊಗರು. ಸುಲಿದ ಹಸಿಯ ಅಡಿಕೆಯನ್ನು ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು, ಗಟ್ಟಿಯಾಗಿ, ಕೆಂಪುಗಂದು ಬಣ್ಣವನ್ನು ತಾಳಿರುವುದು. ಅದರ ಒಗರಿಗೆ ಕಾರಣವಾದ ಟ್ಯಾನಿನ್ ಎಂಬ ಸತ್ತ್ವವೇ ಬಣ್ಣಕ್ಕೂ ಮೂಲ. ಹೆಗ್ಗೋಡಿನ ಚರಕ ಸಂಸ್ಥೆಯವರು ಕೈಮಗ್ಗದ ಬಟ್ಟೆಗೆ ಬಣ್ಣಕಟ್ಟಲು ಅಡಿಕೆಯ ಚೊಗರನ್ನು ಬಳಸಿ ಹೆಸರಾಗಿದ್ದಾರೆ. ನೂಲಿನ ನಾರಿಗೆ ಹಿಡಿಯುವ ಬಣ್ಣವು ಮರದ ನಾರಿಗೂ ಹಿಡಿಯುವುದು ಸಹಜವೇ. ಚೊಗರು ಒದಗುವ ಅಡಿಕೆ ಬೇಯಿಸುವ ಕಾಲವೂ, ಮರ ಒಣಗಿರುವ ಕಾಲವೂ ಒಂದನ್ನೊಂದು ಕೂಡಿ ಬರುವುದು ಗೃಹಸ್ಥನ ಭಾಗ್ಯ.

ಚೊಗರನ್ನು ಬಟ್ಟೆಯಲ್ಲಿ ಸೋಸಿ, ನೀರು ಬೆರಸಿ ತೆಳುವಾಗಿಸಬೇಕು. ಬೆಂಚಿನ ಅಡಿಯಲ್ಲಿ ಕಾಣದ ಕಡೆ ಹಚ್ಚಿ, ಒಣಗಿದ ಮೇಲೆ ಬಣ್ಣವನ್ನು ನೋಡಿ, ಬೇಕಾದಂತೆ ತಿದ್ದಿಕೊಳ್ಳಬೇಕು. ಹಸಿಯಲ್ಲಿ ಕಂಡ ಬಣ್ಣವೇ ಬೇರೆ, ಒಣಗಿದ ಬಣ್ಣವೇ ಬೇರೆ, ಎಣ್ಣೆ ತಾಗಿದ ಮೇಲಿನ ಬಣ್ಣವೇ ಬೇರೆ. ನೀರಿನ ರಂಗು ಮರದ ಸಣ್ಣ ನಾರುಗಳನ್ನು ನಿಗುರಿಸುವುದರಿಂದ, ಮುಂಚೆಯೇ ಒಮ್ಮೆ ಒದ್ದೆಬಟ್ಟೆಯಿಂದ ಒರಸಿ, ಒಣಗಿಸಿ, ಎದ್ದ ನಾರನ್ನು ಹಗುರವಾಗಿ ಉಜ್ಜಿಕೊಳ್ಳುವುದು ಜಾಣತನ. ಆಮೇಲೆ ಬಟ್ಟೆಯ ಉಂಡೆಯಿಂದ ಹಲಗೆಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡುವೆ ನಿಲ್ಲಿಸದೆ ಹಚ್ಚಿ, ಹೆಚ್ಚಾದುದನ್ನು ಒರಸಿ ತೆಗೆಯತಕ್ಕದ್ದು. ಒಂದು ದಿನ ಬಿಟ್ಟು ಇನ್ನೊಂದು ಕೈ. ಚೊಗರನ್ನು ಕಬ್ಬಿಣದ ಪಾತ್ರೆಯಲ್ಲಿಡಕೂಡದು. ಬೆಂಚಿನಲ್ಲಿ ಕಬ್ಬಿಣದ ಮೊಳೆಗಳಿದ್ದರೆ ಅವುಗಳ ಬದಲು ಹಿತ್ತಾಳೆಯ ತಿರುಪುಮೊಳೆಗಳನ್ನು ಹಾಕಿಸಬೇಕು. ಒಗರಿಗೆ ಕಬ್ಬಿಣವು ಸೋಕಿದರೆ ಕಪ್ಪಾಗುವುದು. ಹಿಂದಿನ ಕಾಲದಲ್ಲಿ ಅಳಲೆಕಾಯಿಗೆ ಅನ್ನಭೇದಿಯನ್ನು ಕೂಡಿಸಿ ಶಾಯಿ ಮಾಡುತ್ತಿದ್ದುದು ಇದೇ ತತ್ತ್ವದಿಂದ.

ಆದರೆ ಚೊಗರೊಂದೇ ಹೊರಗಿನ ಬೆಂಚನ್ನು ಕಾಯಲಾರದು. ಬಿಸಿಲಿಗೆ ಅದು ಮಾಸುವುದು, ಮಳೆಗೆ ಇಳಿದುಹೋಗುವುದು. ಅದಕ್ಕೆ ಮೇಲೆ ಎಣ್ಣೆಯ ರಕ್ಷೆ ಬೇಕು. ಎಣ್ಣೆಗಳಲ್ಲಿ ಒಣಗುವ ಜಾತಿ, ಒಣಗದ ಜಾತಿ ಎಂದು ಎರಡುಂಟು. ತೆಂಗಿನ ಎಣ್ಣೆಯೂ ಹರಳೆಣ್ಣೆಯೂ ಒಣಗದ ಜಾತಿ; ಹಚ್ಚಿದರೆ ಜಿಡ್ಡಾಗಿಯೇ ಉಳಿದು, ಧೂಳನ್ನು ಹಿಡಿದು, ಕುಳಿತವರ ಬಟ್ಟೆಯನ್ನು ಕೆಡಿಸುವುವು. ಅಗಸೆಯೆಣ್ಣೆಯು ಗಾಳಿಯ ಆಮ್ಲಜನಕವನ್ನು ಹೀರಿ ನಾರುಗಳ ನಡುವೆ ಗಟ್ಟಿಯಾಗುವುದು. ಹಸಿಯ ಎಣ್ಣೆ ಒಣಗಲು ಅನೇಕ ದಿನಗಳು ಬೇಕು. ಬೇಯಿಸಿದ ಅಗಸೆಯೆಣ್ಣೆ ಎಂದು ಮಾರುವುದು ಒಂದೆರಡು ದಿನಗಳಲ್ಲಿ ಒಣಗುವುದು. ಮೊದಲನೆಯ ಕೈಗೆ ಎಣ್ಣೆಯನ್ನೂ ಟರ್ಪೆಂಟೈನನ್ನೂ ಸಮನಾಗಿ ಬೆರಸಿ, ಅದಕ್ಕೆ ವಸ್ತ್ರಗಾಳಿತ ಮಾಡಿದ ಕೆಮ್ಮಣ್ಣನ್ನು ಒಂದು ಚಿಟಿಕೆ ಕೂಡಿಸಬಹುದು. ಕೆಮ್ಮಣ್ಣಿನ ಬಣ್ಣವು ಕಬ್ಬಿಣದ ಭಸ್ಮದಿಂದ ಬಂದುದಾದುದರಿಂದ ಬಿಸಿಲಿಗೆ ಮಾಸದು. ಮೇಲಾಗಿ ಕಿರಣಗಳನ್ನು ತಡೆದು ಮರಕ್ಕೆ ಕೊಡೆಯಾಗುವುದು. ಹಚ್ಚಿದ ಅರ್ಧಗಂಟೆಯೊಳಗೆ, ಮರವು ಕುಡಿಯದೆ ಮೇಲೆ ನಿಂತ ಎಣ್ಣೆಯನ್ನೆಲ್ಲ ಒರಸಿಬಿಡಬೇಕು. ಒರಸದೆ ಬಿಟ್ಟರೆ ಅದು ಅಂಟಾಗಿ ನಿಲ್ಲುವುದು. ಮಳೆಗಾಲದಲ್ಲಿ ಅದರ ಮೇಲೆಯೇ ಕರಿಯ ಬೂಷ್ಟು ಬೆಳೆಯುವುದು. ಅಗಸೆಯೆಣ್ಣೆಗೆ ಇದೊಂದು ಕೊರತೆಯುಂಟು. ತೇವ ಬಹಳವಾದ ಕಡೆಗಳಲ್ಲಿ ಬೂಷ್ಟನ್ನು ತಡೆಯುವ ಮದ್ದು ಸೇರಿಸಿ ತಯಾರಿಸಿದ, ಹೊರಾಂಗಣಕ್ಕೆಂದೇ ಮಾರುವ ಮರದ ರಂಗನ್ನು ಕೊಳ್ಳುವುದೂ ಯುಕ್ತವೇ.

ಹಲಗೆಯ ಮುಖಕ್ಕಿಂತ ಅದರ ಕೊನೆಗಳನ್ನು ಹೆಚ್ಚು ನೋಡಿಕೊಳ್ಳಬೇಕು. ನಾರುಗಳು ಬಾಯ್ದೆರೆದಿರುವುದು ಅಲ್ಲಿಯೇ. ನೀರನ್ನು ಕುಡಿಯುವುದೂ ಅಲ್ಲಿಯೇ. ಕಾಲಿನ ತುದಿಗಳನ್ನು ಎಣ್ಣೆ ತುಂಬಿದ ತಟ್ಟೆಯಲ್ಲಿ ಒಂದು ರಾತ್ರಿ ನಿಲ್ಲಿಸಿ, ಆಮೇಲೆ ಮಣ್ಣಿಗೆ ತಾಗದಂತೆ ಚಪ್ಪಟೆಯಾದ ಕಲ್ಲುಗಳ ಮೇಲೆ ಇಟ್ಟರೆ ಅರ್ಧ ರಕ್ಷೆ ಆದಂತೆಯೇ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಒಂದು ಎಚ್ಚರಿಕೆಯನ್ನು ಹೇಳಬೇಕು. ಅಗಸೆಯೆಣ್ಣೆಯು ಒಣಗುವಾಗ ಬಿಸಿಯನ್ನು ಹೊರಬಿಡುವುದು. ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ಆ ಬಿಸಿಯು ಹೊರಹೋಗಲಾರದೆ ಏರಿ, ಯಾರೂ ಕಿಡಿ ಸೋಕಿಸದೆ ಇದ್ದರೂ ಕೆಲವು ಗಂಟೆಗಳಲ್ಲಿ ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹುಲ್ಲು, ಅಡಿಕೆಸಿಪ್ಪೆ, ಸೋಗೆಗಳಿರುವ ಮನೆಗಳಲ್ಲಿ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಆ ಬಟ್ಟೆಗಳನ್ನು ಅಂಗಳದಲ್ಲಿ ಒಂದೊಂದಾಗಿ ಹರಡಿ ಗರಿಯಾಗುವಂತೆ ಒಣಗಿಸಬೇಕು, ಇಲ್ಲವೆ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರೊಳಗೆ ಮುಳುಗಿಸಿಡಬೇಕು. ಆ ಮನೆಯ ಮೊಮ್ಮಗನಿಗೆ ಈ ಮಾತನ್ನು ಆಚಾರಿಯು ಮೂರು ಸಲ ಹೇಳಿ, ತಾನೇ ನಿಂತು ಬಟ್ಟೆಗಳನ್ನು ಬೇಲಿಯ ಮೇಲೆ ಹರಡಿಸಿದ ಮೇಲೆಯೇ ಮನೆಗೆ ಹೋದನು.

ಮಾಘದ ಒಂದು ಬೆಳಗ್ಗೆ ಬೆಂಚು ಮಾವಿನ ಕೆಳಕ್ಕೆ ಬಂದಿತು. ಹೊಸ ತುಂಡು ಕೂಡಿಸಿದ ಕಾಲುಗಳ ಬಣ್ಣವು ಉಳಿದುದಕ್ಕೆ ಪೂರ್ತಿಯಾಗಿ ಹೊಂದಿರಲಿಲ್ಲ. ಹಲಗೆಯ ನಡುವೆ ಒಂದು ಹಳೆಯ ಮೊಳೆಯ ಕಪ್ಪು ಕಲೆಯು ಉಳಿದೇ ಇತ್ತು. ಅಜ್ಜಿ ಹಲಗೆಯನ್ನು ಅಂಗೈಯಿಂದ ಸವರಿ, ಕೈಯನ್ನು ಮೂಸಿ, "ಎಣ್ಣೆ ವಾಸನೆ" ಎಂದು ಮುಖವನ್ನು ಸಿಂಡರಿಸಿದರು. ಆಮೇಲೆ ಎಂದಿನಂತೆ ಒಂದು ಕೊನೆಯಲ್ಲಿ ಕುಳಿತು, ಇನ್ನೊಂದು ಕೊನೆಯನ್ನು ಖಾಲಿಯಾಗಿ ಬಿಟ್ಟರು. ಎಂಟೂವರೆಯ ಬಸ್ಸಿಗೆ ಹೊರಟಿದ್ದ ಒಬ್ಬ ಹೆಂಗಸು ದಣಪೆಯನ್ನು ದಾಟಿ ಒಳಬಂದಳು.

ಸಂಸ್ಕೃತದಲ್ಲಿ ಎಣ್ಣೆಗೂ ಗೆಳೆತನಕ್ಕೂ ಸ್ನೇಹವೆಂಬ ಒಂದೇ ಶಬ್ದವಿರುವುದನ್ನು ಬಲ್ಲವರು ಬಲ್ಲರು. ಎರಡಕ್ಕೂ ಒಂದೇ ಲಕ್ಷಣವುಂಟು: ಒಮ್ಮೆ ಬಳಿದು ಮರೆಯುವಂತಿಲ್ಲ. ಎನಾಮಲ್ಲನ್ನು ಬಳಿದವರಿಗೆ ನಾಲ್ಕೈದು ವರ್ಷ ತಿರುಗಿ ನೋಡಬೇಕಾಗಿಲ್ಲವೆಂಬ ಸಮಾಧಾನವಿರುವುದು. ಅಷ್ಟರಲ್ಲಿ ಒಳಗೆ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ. ಎಣ್ಣೆಯ ಬೆಂಚಿಗೆ ಪ್ರತಿವರ್ಷವೂ ಮಳೆಗೆ ಮುಂಚೆ, ವೈಶಾಖದಲ್ಲಿ, ಒಂದು ಕೈ ತೆಳುವಾಗಿ ಹಚ್ಚಬೇಕು. ಒಂದು ಮಧ್ಯಾಹ್ನದ ಕೆಲಸ. ನೀರು ಚಿಮುಕಿಸಿ ನೋಡಿ, ಹನಿಗಳು ಮುತ್ತಿನಂತೆ ನಿಂತರೆ ಅವಸರವಿಲ್ಲ. ಹೀರಿ ಕಪ್ಪಾದರೆ ಎಣ್ಣೆಗೆ ಹೊತ್ತಾಯಿತೆಂದು ತಿಳಿಯಬೇಕು. ಕುಂಚವನ್ನು ಹಿಡಿದು ಬಗ್ಗಿದವನಿಗೆ ಸಡಿಲವಾದ ತಿರುಪೂ, ಗೆದ್ದಲಿನ ಮಣ್ಣಿನ ಗೆರೆಯೂ, ಹೊಸ ಬಿರುಕೂ ಅದೇ ಸಮಯದಲ್ಲಿ ಕಾಣುವುವು. ಅಂಗಳದಲ್ಲಿ ಹಳೆಯ ಬೆಂಚುಳ್ಳ ಗೃಹಸ್ಥರು ಈ ಬೇಸಗೆಯಲ್ಲಿ ಅದನ್ನೊಮ್ಮೆ ಮಗುಚಿ, ಕಾಲಿನ ತುದಿಗಳನ್ನು ಚುಚ್ಚಿ ನೋಡಲಿ. ಅದರ ಮೇಲೆ ದಿನವೂ ಯಾರು ಕುಳಿತುಕೊಳ್ಳುವರು, ಅವರ ಪಕ್ಕದಲ್ಲಿ ಸ್ಥಳವುಂಟೇ ಎಂಬುದನ್ನೂ ನೋಡಲಿ.